ಹಿಮಶಿಖರಯಾತ್ರೆಯೂ ಹಗ್ಗದ ಧರ್ಮವೂ

೧

ಮಹಾಭಾರತದ ಹದಿನೇಳನೆಯದಾದ ಮಹಾಪ್ರಸ್ಥಾನಿಕಪರ್ವವು ಗಾತ್ರದಲ್ಲಿ ಬಹು ಚಿಕ್ಕದು. ಅರ್ಥದಲ್ಲಿ ಬಹು ಗಹನವಾದುದು. ಪಾಂಡವರೈವರೂ ದ್ರೌಪದಿಯೂ ನಾರುಮಡಿಯನ್ನುಟ್ಟು, ರಾಜ್ಯವನ್ನು ತೊರೆದು, ಹಿಮವಂತವನ್ನು ದಾಟಿ, ಮರಳಿನ ಸಮುದ್ರವನ್ನು ಕಂಡು, ಮೇರುವಿನ ಕಡೆಗೆ ನಡೆಯುತ್ತಾರೆ. ದಾರಿಯಲ್ಲಿ ಮೊದಲು ದ್ರೌಪದಿ, ಬಳಿಕ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮಸೇನ, ಹೀಗೆ ಒಬ್ಬೊಬ್ಬರಾಗಿ ಬೀಳುತ್ತಾರೆ. ಒಬ್ಬೊಬ್ಬರು ಬಿದ್ದಾಗಲೂ ಭೀಮನು ಕಾರಣವನ್ನು ಕೇಳುತ್ತಾನೆ. ಧರ್ಮರಾಜನು ಬಿದ್ದವರ ದೋಷವನ್ನು ಹೇಳಿ, ಹಿಂದಿರುಗಿ ನೋಡದೆ ಮುಂದೆ ಸಾಗುತ್ತಾನೆ. ನಮ್ಮ ಕುಮಾರವ್ಯಾಸನು ಗದಾಪರ್ವಕ್ಕೇ ತನ್ನ ಕಾವ್ಯವನ್ನು ನಿಲ್ಲಿಸಿದುದರಿಂದ, ಕನ್ನಡದಲ್ಲಿ ಈ ಕಥೆಯನ್ನು ಷಟ್ಪದಿಯಲ್ಲಿ ಓದಬೇಕೆಂಬವರು ಉಳಿದ ಪರ್ವಗಳನ್ನು ಪೂರೈಸಿದ ತಿಮ್ಮಣ್ಣಕವಿಯನ್ನು ಆಶ್ರಯಿಸಬೇಕಾಗುವುದು.

ಕೆಲವು ವರ್ಷಗಳ ಹಿಂದೆ ಈ ಭಾಗವನ್ನು ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿಯು, “ಗುರುಗಳೇ, ಬಿದ್ದವರನ್ನು ಎತ್ತುವುದಕ್ಕೆ ಯಾರೊಬ್ಬರೂ ಏಕೆ ಬಗ್ಗಲಿಲ್ಲ?” ಎಂದು ಕೇಳಿದನು. ಸಂಪ್ರದಾಯದಲ್ಲಿ ಹೇಳುವ ಉತ್ತರವನ್ನು ನಾನು ಹೇಳಿದೆನು: ಅವರವರ ಕರ್ಮ ಅವರವರಿಗೆ, ಒಬ್ಬರ ಪತನವನ್ನು ಇನ್ನೊಬ್ಬರು ಹೊರಲಾಗದು. ಹುಡುಗನು ಸುಮ್ಮನಾದನಾದರೂ ಅವನಿಗೆ ಸಮಾಧಾನವಾಗಲಿಲ್ಲವೆಂಬುದು ಮುಖದಿಂದಲೇ ತಿಳಿಯುತ್ತಿತ್ತು. ನನಗೂ ಆಗಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ, ಹಿಮಪರ್ವತಗಳನ್ನು ಗುಂಪುಗೂಡಿ ಏರುವವರು ಬಿದ್ದವನ ವಿಷಯದಲ್ಲಿ ಯಾವ ಧರ್ಮವನ್ನು ನಡೆಸಿಕೊಂಡು ಬಂದಿದ್ದಾರೆ ಎಂಬುದನ್ನು ಐರೋಪ್ಯ ಮತ್ತು ಅಮೆರಿಕ ಖಂಡಗಳ ಚರಿತ್ರೆಯಲ್ಲಿ ಹುಡುಕಿದೆನು. ಹಿಮವನ್ನು ಗ್ರಂಥಗಳಲ್ಲಲ್ಲದೆ ಕಣ್ಣಾರೆ ಕಾಣದ ನನ್ನಂಥವನಿಗೆ ಈ ಪ್ರಯತ್ನವು ಸಾಹಸವೇ ಸರಿ. ಆದರೂ ದೊರೆತ ಸಂಗತಿಗಳು ವಿದ್ವಾಂಸರ ಪರಿಶೀಲನೆಗೆ ಯೋಗ್ಯವಾಗಿವೆಯೆಂದು ತೋರಿದುದರಿಂದ ಅವನ್ನು ಇಲ್ಲಿ ನಿರೂಪಿಸುವೆನು.

ಮೊದಲು ಶಬ್ದವಿಚಾರ. ಅಮರಸಿಂಹನು ಹಿಮದ ರಾಶಿಗೆ ‘ಹಿಮಾನೀ’ ಎಂಬ ಪದವನ್ನು ಕೊಟ್ಟಿದ್ದಾನೆ. ಹಿಮ, ಅರಣ್ಯ ಎಂಬ ಶಬ್ದಗಳಿಗೆ ಮಹತ್ತ್ವಾರ್ಥದಲ್ಲಿ ಈ ಸ್ತ್ರೀಪ್ರತ್ಯಯವು ಬರುವುದೆಂದು ವಾರ್ತಿಕಕಾರರು ವಿಧಿಸಿದ್ದಾರೆ. ಮಹತ್ತಾದ ಹಿಮವು ಹಿಮಾನಿ, ಮಹತ್ತಾದ ಅರಣ್ಯವು ಅರಣ್ಯಾನಿ. ಪದವು ಸುಂದರವಾದುದೇ. ಆದರೆ ಇದರಲ್ಲಿ ಗಾತ್ರದ ಸೂಚನೆಯಿದೆಯೇ ಹೊರತು ಚಲನೆಯ ಸೂಚನೆಯಿಲ್ಲ. ಪರ್ವತದ ಮೇಲೆ ವರ್ಷವರ್ಷವೂ ಬಿದ್ದ ಹಿಮವು ತನ್ನ ಭಾರದಿಂದಲೇ ಒತ್ತಿ ಗಡ್ಡೆಕಟ್ಟಿ, ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಕೆಳಕ್ಕೆ ಸರಿಯುತ್ತದೆ. ಜೇಮ್ಸ್ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿಯು ೧೮೪೨ರಲ್ಲಿ ಆಲ್ಪ್ಸ್ ಪರ್ವತಗಳ ಶಾಮೊನಿ ಕಣಿವೆಯಲ್ಲಿ ಅಳತೆಮಾಡಿ, ಇಂಥ ಪ್ರವಾಹದ ನಡುಭಾಗವು ಅಂಚುಗಳಿಗಿಂತ ಶೀಘ್ರವಾಗಿ ಸರಿಯುವುದೆಂದು ತೋರಿಸಿದನು. ಇದು ನದಿಯ ಲಕ್ಷಣವೇ ಆಗಿದೆ. ಆದಕಾರಣ ಈಗ ರೂಢಿಯಲ್ಲಿರುವ ‘ಹಿಮನದಿ’ ಎಂಬ ಪದವೇ ಯುಕ್ತತರವೆಂದು ನನ್ನ ಮತ.

ಈ ಚಲನೆಯಲ್ಲಿಯೇ ಯಾತ್ರಿಕನ ಅಪಾಯವೂ ಅಡಗಿದೆ. ತಳದ ಬಂಡೆ ಉಬ್ಬಿದೆಡೆಯಲ್ಲಿ ಮೇಲಿನ ಹಿಮವು ಹಿಗ್ಗಲಾರದೆ ಸೀಳಿ, ಆಳವಾದ ಬಿರುಕುಗಳಾಗುತ್ತವೆ. ಹೊಸ ಹಿಮವು ಆ ಬಿರುಕುಗಳ ಬಾಯಿಯ ಮೇಲೆ ಸೇತುವೆಯಂತೆ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ನೆಲವೆಲ್ಲವೂ ಸಮವೇ. ಚಳಿಗಾಲದಲ್ಲಿ ಹಗಲು ಚಿಕ್ಕದಾಗಿಯೂ ಬಿರುಗಾಳಿ ಪ್ರಬಲವಾಗಿಯೂ ಇರುವುದರಿಂದ ಈ ಪರ್ವತಗಳನ್ನು ಹೆಚ್ಚಾಗಿ ಬೇಸಗೆಯಲ್ಲಿಯೇ ಏರುವರು. ಆದರೆ ಬೇಸಗೆಯ ಬಿಸಿಲೇ ಹಿಮಸೇತುವೆಯನ್ನು ಮೆತ್ತಗೆ ಮಾಡುವುದು. ಆದುದರಿಂದ ನಡುರಾತ್ರಿಯಲ್ಲಿ ಹೊರಟು, ಹಿಮವು ಗಟ್ಟಿಯಾಗಿರುವಾಗಲೇ ಏರಿ, ಬಿಸಿಲೇರುವ ಮುನ್ನ ಇಳಿದುಬಿಡುವುದು ಈ ಯಾತ್ರೆಯ ಮೊದಲನೆಯ ನಿಯಮ. ಒಬ್ಬನು ಬಿರುಕಿನಲ್ಲಿ ಬಿದ್ದರೆ ಉಳಿದವರು ಹಿಡಿಯುವಂತೆ ಹಲವರು ಒಂದೇ ಹಗ್ಗದಲ್ಲಿ ಅಂತರ ಬಿಟ್ಟು ಕಟ್ಟಿಕೊಂಡು ನಡೆಯುವುದು ಎರಡನೆಯ ನಿಯಮ. ಈ ಎರಡನೆಯ ನಿಯಮದ ಚರಿತ್ರೆಯೇ ಈ ಲೇಖನದ ವಿಷಯ.

೨

ಆಲ್ಪ್ಸ್ ಪರ್ವತಗಳಲ್ಲಿ ಅತ್ಯುನ್ನತವಾದುದು ಸುಮಾರು ೪೮೦೬ ಮೀಟರು ಎತ್ತರವುಳ್ಳ ಮೋಂ ಬ್ಲಾಂ, ಎಂದರೆ ‘ಬಿಳಿಯ ಬೆಟ್ಟ’. ಜಿನೀವಾ ನಗರದ ಪಂಡಿತನಾದ ಸೊಸ್ಯೂರ್ ಎಂಬವನು ೧೭೬೦ರಲ್ಲಿ ಶಾಮೊನಿಗೆ ಬಂದು, ಇದರ ಶಿಖರಕ್ಕೆ ದಾರಿಯನ್ನು ಕಂಡುಹಿಡಿದವರಿಗೆ ಬಹುಮಾನವನ್ನು ಸಾರಿದನು. ಇಪ್ಪತ್ತಾರು ವರ್ಷಗಳವರೆಗೆ ಅದನ್ನು ಪಡೆದವರಿಲ್ಲ. ೧೭೮೬ನೆಯ ಆಗಸ್ಟ್ ೮ರ ಸಂಜೆ ಆ ಊರಿನ ವೈದ್ಯನಾದ ಪಕ್ಕಾರ್ ಎಂಬವನೂ, ಸ್ಫಟಿಕಗಳನ್ನು ಆಯ್ದು ಮಾರಿ ಜೀವಿಸುತ್ತಿದ್ದ ಜಾಕ್ ಬಾಲ್ಮಾ ಎಂಬವನೂ ಶಿಖರವನ್ನು ಮುಟ್ಟಿದರು. ಅವರ ಬಳಿ ಹಗ್ಗವಿರಲಿಲ್ಲ. ಉದ್ದವಾದ ಊರುಗೋಲುಗಳು ಮಾತ್ರವಿದ್ದುವು. ಬಿರುಕುಗಳ ಮೇಲೆ ಕೋಲನ್ನು ಅಡ್ಡಲಾಗಿ ಚಾಚಿಕೊಂಡು ದಾಟಿದರು.

ಇಬ್ಬರೂ ಕೂಡಿ ಏರಿದರು, ಕೂಡಿ ಇಳಿದರು. ಆದರೆ ಕೀರ್ತಿಯು ಕೂಡಿ ಬರಲಿಲ್ಲ. ಬಹುಮಾನವು ಬಾಲ್ಮಾನಿಗೆ ಸಂದಿತು. ಪಕ್ಕಾರನು ನಡುದಾರಿಯಲ್ಲಿ ಸೋತನೆಂದೂ, ಅವನನ್ನು ಎಳೆದುಕೊಂಡು ಹೋದವನು ಬಾಲ್ಮಾನೆಂದೂ ಕಥೆ ಹಬ್ಬಿತು. ೧೮೩೨ರಲ್ಲಿ ಫ್ರೆಂಚ್ ಕಾದಂಬರಿಕಾರನಾದ ಅಲೆಕ್ಸಾಂದರ್ ದ್ಯುಮಾ ವೃದ್ಧ ಬಾಲ್ಮಾನ ಬಾಯಿಂದಲೇ ಅದನ್ನು ಕೇಳಿ ಬರೆದುದರಿಂದ ಆ ಕಥೆಯು ಸ್ಥಿರವಾಯಿತು. ೧೮೮೭ರಲ್ಲಿ ಶಾಮೊನಿಯಲ್ಲಿ ನಿಲ್ಲಿಸಿದ ವಿಗ್ರಹದಲ್ಲಿ ಬಾಲ್ಮಾನು ಸೊಸ್ಯೂರನಿಗೆ ಶಿಖರವನ್ನು ಬೆರಳಿನಿಂದ ತೋರಿಸುತ್ತಿದ್ದಾನೆ. ವೈದ್ಯನಿಗೆ ಅಲ್ಲಿ ಸ್ಥಳವಿಲ್ಲ. ಆ ದಿನ ಕಣಿವೆಯಿಂದ ದೂರದರ್ಶಕದಲ್ಲಿ ಈ ಆರೋಹಣವನ್ನು ನೋಡಿದ ಗೆರ್ಸ್‌ಡಾರ್ಫ್ ಎಂಬ ಜರ್ಮನ್ ಪ್ರಭುವಿನ ದಿನಚರಿಯು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದಮೇಲೆಯೇ ಪಕ್ಕಾರನಿಗೆ ನ್ಯಾಯ ದೊರಕಿತು. ಅವನ ವಿಗ್ರಹವು ಸ್ಥಾಪಿತವಾದುದು ೧೯೮೬ರಲ್ಲಿ, ಆರೋಹಣವಾದ ಇನ್ನೂರು ವರ್ಷಗಳ ಮೇಲೆ. ನಮ್ಮ ಶಾಸನಗಳಲ್ಲಿಯೂ ಯುದ್ಧವನ್ನು ಗೆದ್ದವರ ಹೆಸರಿದ್ದು ಜತೆಗಾರರ ಹೆಸರಿಲ್ಲದಿರುವುದನ್ನು ಬಲ್ಲ ಸಂಶೋಧಕರಿಗೆ ಇದು ಹೊಸ ಸಂಗತಿಯಲ್ಲ. ಸಮಕಾಲೀನನ ಒಂದು ಸಾಮಾನ್ಯ ಬರಹವು ಪ್ರಸಿದ್ಧ ಗ್ರಂಥಕಾರನ ಸೊಗಸಾದ ಕಥೆಗಿಂತ ಪ್ರಮಾಣವಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಮಾರನೆಯ ವರ್ಷ, ೧೭೮೭ನೆಯ ಆಗಸ್ಟ್ ೩ರಂದು, ಸೊಸ್ಯೂರನು ಹದಿನೆಂಟು ಮಂದಿ ಮಾರ್ಗದರ್ಶಿಗಳನ್ನೂ ಒಬ್ಬ ಸೇವಕನನ್ನೂ ಕರೆದುಕೊಂಡು ತಾನೇ ಶಿಖರವನ್ನೇರಿ, ವಾಯುಭಾರವನ್ನು ಅಳೆದನು. ಹೀಗೆ ಬೇಸಗೆಯ ಗುಂಪುಯಾತ್ರೆ ಪ್ರಾರಂಭವಾಯಿತು. ಆದರೆ ಇದು ಯಜಮಾನನೊಬ್ಬನ ಪರಿವಾರವೇ ಹೊರತು ಸಂಘವಲ್ಲ. ಉದ್ದೇಶವು ಒಬ್ಬನದು, ಭಾರವನ್ನು ಹೊತ್ತವರು ಹಲವರು. ಈ ಅಂತರದ ಫಲವು ೧೮೨೦ರ ಆಗಸ್ಟಿನಲ್ಲಿ ಪ್ರಕಟವಾಯಿತು.

ಆ ವರ್ಷ ರಷ್ಯದೇಶದ ಹಾಮೆಲ್ ಎಂಬ ವೈದ್ಯನು ಇಬ್ಬರು ಆಂಗ್ಲೇಯರೊಡನೆಯೂ ಮಾರ್ಗದರ್ಶಿಗಳ ತಂಡದೊಡನೆಯೂ ಮೋಂ ಬ್ಲಾಂ ಏರಹೊರಟನು. ಹವೆಯು ಕೆಟ್ಟುದರಿಂದ ನಡುವೆ ತಂಗಬೇಕಾಯಿತು, ಹೊಸ ಹಿಮವು ಬಿದ್ದಿತ್ತು, ಮಾರ್ಗದರ್ಶಿಗಳು ಹಿಂದೆಗೆದರು. ಆದರೂ ತಂಡವು ಮುಂದುವರಿಯಿತು. ಮೇಲಿನ ಇಳಿಜಾರಿನಲ್ಲಿ ಹಿಮವು ಕುಸಿದು ಮೂವರು ಮಾರ್ಗದರ್ಶಿಗಳನ್ನು ಬಿರುಕಿನೊಳಕ್ಕೆ ಒಯ್ದಿತು. ಪಿಯೆರ್ ಬಾಲ್ಮಾ, ಪಿಯೆರ್ ಕಾರಿಯೆ, ಓಗ್ಯುಸ್ತ್ ತೈರಾ ಎಂದು ಅವರ ಹೆಸರು. ಏರಬೇಕೆಂದವರು ಬದುಕಿದರು, ಬೇಡವೆಂದವರ ಪಂಗಡದಲ್ಲಿ ಮೂವರು ಸತ್ತರು. ಹಿಮನದಿಯ ವೇಗವನ್ನು ಬಲ್ಲ ಫೋರ್ಬ್ಸನು, ಆ ದೇಹಗಳು ಸುಮಾರು ನಾಲ್ವತ್ತು ವರ್ಷಗಳಲ್ಲಿ ಕೆಳಗೆ ಹೊರಬೀಳುವುವೆಂದು ಗಣಿಸಿ ಹೇಳಿದ್ದನು. ಹಾಗೆಯೇ ೧೮೬೧ರಲ್ಲಿ ಬೊಸ್ಸೋಂ ಎಂಬ ಹಿಮನದಿಯ ಬುಡದಲ್ಲಿ ಅವರ ಅವಶೇಷಗಳು ಒಂದೊಂದಾಗಿ ಹೊರಬಂದುವು. ಆ ದುರಂತದಲ್ಲಿ ಬದುಕುಳಿದಿದ್ದ ಒಬ್ಬ ವೃದ್ಧ ಮಾರ್ಗದರ್ಶಿಯು ತನ್ನ ಗೆಳೆಯರನ್ನು ಗುರುತಿಸಿದನು. ತಾನು ಮುದುಕನಾಗಿದ್ದನು, ಹಿಮದೊಳಗಿದ್ದವರು ಹಿಂದಿನ ಪ್ರಾಯದಲ್ಲಿಯೇ ಇದ್ದರು.

ಆ ಘಟನೆಯ ಮರುವರ್ಷ, ೧೮೨೧ರಲ್ಲಿ, ಶಾಮೊನಿಯ ಮಾರ್ಗದರ್ಶಿಗಳು ಕೂಡಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಸರದಿಯಂತೆ ಕೆಲಸವನ್ನು ಹಂಚಿಕೊಳ್ಳುವುದು, ಸತ್ತವರ ಮನೆಯವರಿಗೆ ನೆರವಾಗುವುದು ಮುಂತಾದ ಕಟ್ಟಳೆಗಳು ಹುಟ್ಟಿದುವು. ಹಿಮಪರ್ವತಗಳ ಚರಿತ್ರೆಯಲ್ಲಿ ಬಿದ್ದವನ ಭಾರವನ್ನು ಉಳಿದವರು ಹೊರುವೆವೆಂದು ಬರವಣಿಗೆಯಲ್ಲಿ ಒಪ್ಪಿಕೊಂಡ ಮೊದಲಿಗರಲ್ಲಿ ಇವರೂ ಸೇರಿದವರು. ಶಿಖರವನ್ನೇರಿದ ಶ್ರೀಮಂತರಲ್ಲ, ಹೊರೆ ಹೊರುತ್ತಿದ್ದ ಬಡವರು ಎಂಬುದನ್ನು ಲಕ್ಷಿಸಬೇಕು.

೩

೧೮೫೪ರಿಂದ ೧೮೬೫ರವರೆಗಿನ ಅವಧಿಯನ್ನು ಪರ್ವತಾರೋಹಣದ ಸುವರ್ಣಯುಗವೆಂದು ಕರೆಯುವುದು ವಾಡಿಕೆ. ಆಂಗ್ಲದೇಶದ ವಕೀಲರು, ಪಾದ್ರಿಗಳು, ಉಪಾಧ್ಯಾಯರು ಬೇಸಗೆಯ ರಜೆಯಲ್ಲಿ ಆಲ್ಪ್ಸಿಗೆ ಬಂದು, ಅಲ್ಲಿಯ ಮಾರ್ಗದರ್ಶಿಗಳೊಡನೆ ಒಂದೊಂದಾಗಿ ಶಿಖರಗಳನ್ನು ಏರಿದರು. ೧೮೫೭ರಲ್ಲಿ ಲಂಡನ್ ನಗರದಲ್ಲಿ ಆಲ್ಪೈನ್ ಕ್ಲಬ್ ಸ್ಥಾಪಿತವಾಯಿತು. ೧೮೬೨ರಲ್ಲಿ ಆಸ್ಟ್ರಿಯದಲ್ಲಿಯೂ, ೧೮೬೩ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳಲ್ಲಿಯೂ ಇಂಥ ಸಂಘಗಳು ಹುಟ್ಟಿದುವು. ಈ ಕಾಲದಲ್ಲಿ ಹಗ್ಗದ ಬಳಕೆ ಸಾಮಾನ್ಯವಾಯಿತು. ಯಾವ ನಾರಿನ ಹಗ್ಗ ಎಷ್ಟು ಎಳೆತವನ್ನು ತಾಳುವುದೆಂಬುದನ್ನು ಪರೀಕ್ಷಿಸಲು ಆಲ್ಪೈನ್ ಕ್ಲಬ್ಬು ಒಂದು ಮಂಡಲಿಯನ್ನು ನೇಮಿಸಿ, ೧೮೬೪ರಲ್ಲಿ ಅದರ ವರದಿಯನ್ನು ಪ್ರಕಟಿಸಿತು. ಶಾಸ್ತ್ರವು ಸಿದ್ಧವಾಗಿತ್ತು; ಆಚರಣೆಯಲ್ಲಿ ಇನ್ನೂ ಬೇರೂರಿರಲಿಲ್ಲ.

ಇದಾದ ಮರುವರ್ಷ, ೧೮೬೫ನೆಯ ಜುಲೈ ೧೪ರಂದು, ೪೪೭೮ ಮೀಟರು ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು ಏಳು ಮಂದಿ ಮೊತ್ತಮೊದಲಿಗೆ ಏರಿದರು. ಅವರಲ್ಲಿ ಎಡ್ವರ್ಡ್ ವಿಂಪರ್, ಹಡ್ಸನ್ ಎಂಬ ಪಾದ್ರಿ, ಡಗ್ಲಸ್ ಪ್ರಭು, ಹತ್ತೊಂಬತ್ತು ವರ್ಷದ ಹ್ಯಾಡೋ ಈ ನಾಲ್ವರು ಆಂಗ್ಲೇಯರು. ಮಿಶೆಲ್ ಕ್ರೋ, ಟೌಗ್‌ವಾಲ್ಡರ್ ತಂದೆ, ಅವನ ಮಗ ಈ ಮೂವರು ಮಾರ್ಗದರ್ಶಿಗಳು. ಇಳಿಯುವಾಗ ಏಳು ಮಂದಿಯೂ ಒಂದೇ ಸಾಲಿನಲ್ಲಿ ಕಟ್ಟಿಕೊಂಡಿದ್ದರು. ಮುಂದಿದ್ದ ಕ್ರೋ ಎಂಬವನು ಅನುಭವವಿಲ್ಲದ ಹ್ಯಾಡೋವಿನ ಪಾದಗಳನ್ನು ಒಂದೊಂದಾಗಿ ಹಿಡಿದು ಸರಿಯಾದ ಸ್ಥಳದಲ್ಲಿ ಇಡುತ್ತ ಇಳಿಸುತ್ತಿದ್ದನು. ಹ್ಯಾಡೋ ಜಾರಿ ಅವನ ಮೇಲೆಯೇ ಬಿದ್ದನು. ಇಬ್ಬರ ಭಾರಕ್ಕೆ ಹಡ್ಸನನೂ ಡಗ್ಲಸನೂ ಸೆಳೆಯಲ್ಪಟ್ಟರು. ಮೇಲಿದ್ದ ಮೂವರು ಬಂಡೆಯನ್ನು ಅಪ್ಪಿ ನಿಂತರು. ಡಗ್ಲಸನಿಗೂ ವೃದ್ಧ ಟೌಗ್‌ವಾಲ್ಡರನಿಗೂ ನಡುವಣ ಹಗ್ಗವು ಹರಿಯಿತು. ನಾಲ್ವರು ಪ್ರಪಾತಕ್ಕೆ ಬಿದ್ದರು. ಮೂವರ ದೇಹಗಳು ದೊರೆತುವು. ಡಗ್ಲಸನದು ದೊರೆಯಲೇ ಇಲ್ಲ.

ಆ ತಂಡದ ಬಳಿ ಮೂರು ಬಗೆಯ ಹಗ್ಗಗಳಿದ್ದುವು. ಹರಿದುದು ಅವುಗಳಲ್ಲಿ ಅತ್ಯಂತ ಬಲಹೀನವಾದುದು. ವೃದ್ಧ ಮಾರ್ಗದರ್ಶಿಯು ತನ್ನ ಪ್ರಾಣವನ್ನುಳಿಸಿಕೊಳ್ಳಲು ಹಗ್ಗವನ್ನು ಕತ್ತರಿಸಿದನೆಂಬ ಅಪವಾದವು ಹುಟ್ಟಿತು. ಜರ್ಮಾಟ್ ಊರಿನಲ್ಲಿ ನ್ಯಾಯವಿಚಾರಣೆ ನಡೆದು ಅವನು ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೂ ಜನಾಪವಾದವು ಅವನನ್ನು ಬಿಡಲಿಲ್ಲ. ಹರಿದ ಆ ಹಗ್ಗದ ತುಂಡನ್ನು ಜರ್ಮಾಟಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.

ಈ ಘಟನೆಯನ್ನು ಕುರಿತು ಬರೆದವರೆಲ್ಲರೂ ‘ಹಗ್ಗವು ಏಕೆ ಹರಿಯಿತು?’ ಎಂದು ಕೇಳಿದ್ದಾರೆ. ನನಗೆ ತೋರುವ ಪ್ರಶ್ನೆ ಬೇರೆ. ಏಳು ಮಂದಿಯನ್ನು ಒಂದು ಹಗ್ಗದಿಂದ ಕಟ್ಟಿದ್ದರು; ಆದರೆ ಅವರು ಒಂದು ಸಂಘವಾಗಿದ್ದರೇ? ಈ ತಂಡವು ಆರೋಹಣಕ್ಕೆ ಕೆಲವೇ ದಿನಗಳ ಮುಂಚೆ ಜರ್ಮಾಟಿನಲ್ಲಿ ಅವಸರದಿಂದ ಕೂಡಿತ್ತು. ಹ್ಯಾಡೋವಿಗೆ ಇದು ಆಲ್ಪ್ಸಿನ ಮೊದಲ ಬೇಸಗೆ. ಯಾರು ಯಾವ ಹಗ್ಗವನ್ನು ಎಲ್ಲಿ ಕಟ್ಟಬೇಕೆಂಬುದನ್ನು ಒಬ್ಬನು ನಿಂತು ನೋಡಿಕೊಂಡಂತೆ ಕಾಣುವುದಿಲ್ಲ. ಎಲ್ಲರ ಕಣ್ಣೂ ಶಿಖರದ ಮೇಲಿದ್ದಿತು. ಏಕೆಂದರೆ ಇಟಲಿಯ ಕಡೆಯಿಂದ ಇನ್ನೊಂದು ತಂಡವು ಅದೇ ಶಿಖರವನ್ನು ಏರುತ್ತಿತ್ತು. ಹಗ್ಗವು ದೇಹಗಳನ್ನು ಬಂಧಿಸುವುದು. ಹೊಣೆಯನ್ನು ಬಂಧಿಸಬೇಕಾದುದು ಬೇರೊಂದು. ಅದನ್ನು ಕಲಿಯುವುದಕ್ಕೆ ಮುಂದಿನ ತಲೆಮಾರುಗಳು ಬೇಕಾದುವು.

೪

ಅಟ್ಲಾಂಟಿಕ್ ಸಾಗರದಾಚೆ, ಅಮೆರಿಕದ ಪಶ್ಚಿಮ ತೀರದಲ್ಲಿ, ಈ ಯಾತ್ರೆಯು ಇನ್ನೊಂದು ರೂಪವನ್ನು ತಾಳಿತು. ಅಲ್ಲಿ ತಲೆತಲಾಂತರದಿಂದ ಬಂದ ಮಾರ್ಗದರ್ಶಿಗಳಿರಲಿಲ್ಲ; ಆದುದರಿಂದ ಕಲಿತ ಸದಸ್ಯರೇ ಕಲಿಯದವರನ್ನು ನಡೆಸಬೇಕಾಯಿತು. ೧೮೯೪ನೆಯ ಜುಲೈ ೧೯ರಂದು ಆರಿಗನ್ ಸೀಮೆಯ ಮೌಂಟ್ ಹುಡ್ ಎಂಬ ೩೪೨೯ ಮೀಟರು ಎತ್ತರದ ಹಿಮಶಿಖರವನ್ನು ನೂರೈವತ್ತಕ್ಕೂ ಮಿಕ್ಕ ಸ್ತ್ರೀಪುರುಷರು ಏರಿ, ಅಲ್ಲಿಯೇ ‘ಮಜಾಮಾ’ ಎಂಬ ಸಂಘವನ್ನು ಸ್ಥಾಪಿಸಿದರು. ಬೆಟ್ಟದ ಮೇಕೆಯ ಹೆಸರನ್ನು ಸಂಘಕ್ಕೆ ಇಟ್ಟುಕೊಂಡರು. ಸದಸ್ಯತ್ವಕ್ಕೆ ಸ್ಥಾಪಕರು ಇಟ್ಟ ನಿಯಮವು ವಿಚಿತ್ರವಾದುದು: ಜೀವಂತವಾದ ಹಿಮನದಿಯು ಒಂದಾದರೂ ಇರುವ, ಕಾಲ್ನಡೆಯಿಂದಲ್ಲದೆ ಏರಲಾಗದ ಪರ್ವತದ ಶಿಖರವನ್ನು ಮುಟ್ಟಿದವರೇ ಸದಸ್ಯರು. ಧನ, ಕುಲ, ಪದವಿಗಳ ಮಾತಿಲ್ಲ; ಸ್ತ್ರೀಯರಿಗೆ ನಿಷೇಧವಿಲ್ಲ. ಲಂಡನ್ನಿನ ಆಲ್ಪೈನ್ ಕ್ಲಬ್ಬು ಸ್ತ್ರೀಯರನ್ನು ಸೇರಿಸದಿದ್ದುದರಿಂದ ಅವರು ೧೯೦೭ರಲ್ಲಿ ತಮ್ಮದೇ ಕ್ಲಬ್ಬನ್ನು ಕಟ್ಟಿಕೊಳ್ಳಬೇಕಾಯಿತು. ಎರಡೂ ಒಂದಾದುದು ೧೯೭೫ರಲ್ಲಿ. ಇದನ್ನು ನೆನೆದರೆ ಈ ನಿಯಮದ ಮಹತ್ತ್ವ ತಿಳಿಯುವುದು.

ಈ ಬಗೆಯ ಸಂಘಗಳು ಪ್ರತಿ ಬೇಸಗೆಯಲ್ಲಿಯೂ ದೊಡ್ಡ ಬಿಡಾರಗಳನ್ನು ಹೂಡಿ, ಡೇರೆ, ಅಡಿಗೆಯವರು, ಹೇರುಕುದುರೆಗಳೊಡನೆ ಹಿಮನದಿಗಳ ತಪ್ಪಲಿಗೆ ಹೋಗುವ ಪದ್ಧತಿಯನ್ನು ತಂದುವು. ೧೯೦೬ರಲ್ಲಿ ಸಿಯಾಟಲ್ ನಗರದಲ್ಲಿ ‘ಮೌಂಟನೀರ್ಸ್’ ಎಂಬ ಸಂಘವು ಹುಟ್ಟಿತು. ಅದೇ ವರ್ಷ ಕೆನಡದ ವಿನಿಪೆಗ್ ನಗರದಲ್ಲಿ ಭೂಮಾಪಕನಾದ ಆರ್ಥರ್ ವೀಲರನೂ ಪತ್ರಿಕಾಲೇಖಕಿಯಾದ ಎಲಿಜಬೆತ್ ಪಾರ್ಕರಳೂ ಸೇರಿ ಕೆನಡದ ಆಲ್ಪೈನ್ ಕ್ಲಬ್ಬನ್ನು ಸ್ಥಾಪಿಸಿದರು. ಆ ಜುಲೈ ತಿಂಗಳಲ್ಲಿಯೇ ಯೋಹೋ ಕಣಿವೆಯಲ್ಲಿ ಅದರ ಮೊದಲ ಬಿಡಾರವು ನಡೆಯಿತು. ಹೊಸಬರನ್ನು ಒಂದು ಹಿಮಶಿಖರಕ್ಕೆ ಕರೆದೊಯ್ದು, ಅದನ್ನೇರಿದ ಮೇಲೆ ಪೂರ್ಣ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಗುರುಸ್ಥಾನದಲ್ಲಿದ್ದವರು ರೈಲ್ವೆ ಕಂಪೆನಿಯು ೧೮೯೯ರಿಂದ ಸ್ವಿಟ್ಜರ್ಲೆಂಡಿನಿಂದ ಕರೆಯಿಸಿದ ಮಾರ್ಗದರ್ಶಿಗಳು. ಗುರುಕುಲದಲ್ಲಿ ಹಿರಿಯ ಶಿಷ್ಯನು ಕಿರಿಯನಿಗೆ ಪಾಠ ಹೇಳಿಕೊಡುವ ಕ್ರಮಕ್ಕೂ ಇದಕ್ಕೂ ಸಾಮ್ಯವುಂಟು.

ಈ ಸಂಘಗಳ ಮೊದಲ ಕಾಲದ ಒಂದು ಪ್ರಸಂಗವನ್ನು ವಿದ್ವಾಂಸರ ಪತ್ರಿಕೆಯಲ್ಲಿ ಹೇಳಲೇಬೇಕು. ೧೮೯೭ರ ಜುಲೈಯಲ್ಲಿ ಮಜಾಮಾ ಸಂಘವು ಮೌಂಟ್ ರೇನಿಯರ್ ಎಂಬ ಮಹಾಶಿಖರಕ್ಕೆ ಯಾತ್ರೆ ಹೊರಟಿತು. ಆರಿಗನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದ ಎಡ್ಗರ್ ಮೆಕ್ಲೂರ್ ಎಂಬವನು ಪಾದರಸದ ವಾಯುಭಾರಮಾಪಕವೊಂದನ್ನು ಹೊತ್ತುಕೊಂಡು ಜತೆಯಲ್ಲಿ ಹೋದನು. ಎತ್ತರಕ್ಕೆ ಏರಿದಂತೆ ವಾಯುವಿನ ಭಾರವು ಕಡಮೆಯಾಗಿ ಪಾದರಸವು ಇಳಿಯುವುದು. ಅದೇ ಹೊತ್ತಿನಲ್ಲಿ ಕೆಳಗಣ ಊರುಗಳಲ್ಲಿ ತೆಗೆದ ಅಳತೆಯೊಡನೆ ಹೋಲಿಸಿ ಪರ್ವತದ ಎತ್ತರವನ್ನು ಗಣಿಸಬಹುದು. ಗಾಜಿನ ಆ ಉದ್ದವಾದ ನಳಿಗೆಯನ್ನು ಹಿಮದ ಮೇಲೆ ಒಡೆಯದೆ ಸಾಗಿಸುವುದೇ ಒಂದು ತಪಸ್ಸು. ಜುಲೈ ೨೭ರಂದು ಶಿಖರದಲ್ಲಿ ಅಳತೆಯನ್ನು ತೆಗೆದುಕೊಂಡು ಅವನು ಇಳಿಯತೊಡಗಿದನು. ಕತ್ತಲಾಯಿತು. ಬಿಡಾರಕ್ಕೆ ದಾರಿಯನ್ನು ಹುಡುಕುತ್ತ ಮುಂದೆ ಹೋದವನು, ಇತ್ತ ಬರಬೇಡಿ, ಇಳಿಜಾರು ಬಹಳ ಕಡಿದಾಗಿದೆಯೆಂದು ಹಿಂದಿದ್ದವರಿಗೆ ಕೂಗಿ ಹೇಳಿದನೆಂದೂ, ಆ ಕ್ಷಣದಲ್ಲಿಯೇ ಜಾರಿ ಬಿದ್ದು ಮಡಿದನೆಂದೂ ವೃತ್ತಾಂತವಿದೆ.

ಅವನ ಅಂಕಿಗಳು ಉಳಿದುವು. ಸಹೋದ್ಯೋಗಿಗಳು ಅವನ್ನು ಗಣಿಸಿ ಪರ್ವತದ ಎತ್ತರವು ೧೪,೫೨೮ ಅಡಿಗಳೆಂದು ಪ್ರಕಟಿಸಿದರು. ಈಗ ಒಪ್ಪಿರುವ ಎತ್ತರವು ೧೪,೪೧೦ ಅಡಿಗಳು. ಆ ಕಾಲದ ಸಾಧನದಿಂದ ಮಾಡಿದ ಅಳತೆಯಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ. ಪರ್ವತದ ಒಂದು ಬಂಡೆಗೆ ಅವನ ಹೆಸರಿದೆ. ಆದರೆ ನನ್ನ ಮನಸ್ಸನ್ನು ಹಿಡಿದುದು ಆ ಅಳತೆಯಲ್ಲ, ಆ ಎಚ್ಚರಿಕೆ. ಹ್ಯಾಡೋವಿನ ಪಾದಗಳನ್ನು ಹಿಡಿದಿದ್ದ ಕ್ರೋ, ಹಿಂದಿನವರನ್ನು ತಡೆದ ಮೆಕ್ಲೂರ್, ಇಬ್ಬರೂ ತಾವು ಬೀಳುವ ಕ್ಷಣದಲ್ಲಿ ಇನ್ನೊಬ್ಬನ ಹೆಜ್ಜೆಯನ್ನು ಕುರಿತು ಚಿಂತಿಸುತ್ತಿದ್ದರು. ಒಬ್ಬನು ಕೂಲಿಗೆ ಬಂದವನು, ಇನ್ನೊಬ್ಬನು ವಿದ್ವಾಂಸ. ಹಗ್ಗದ ಧರ್ಮವೆಂಬುದು ಹಗ್ಗಕ್ಕಿಂತ ಮುಂಚೆಯೇ ಮನುಷ್ಯನಲ್ಲಿ ಇರತಕ್ಕುದೆಂದು ಇದರಿಂದ ತಿಳಿಯುವುದು.

೫

ಇರುವ ಧರ್ಮಕ್ಕೆ ಶಿಕ್ಷಣ ಬೇಕು, ಸಾಧನವೂ ಬೇಕು. ಸಿಯಾಟಲಿನ ಸಂಘವು ೧೯೩೫ರಿಂದ ಆರೋಹಣಶಿಕ್ಷಣದ ತರಗತಿಗಳನ್ನು ಏರ್ಪಡಿಸಿತು. ಅಲ್ಲಿಯ ಪಾಠಗಳೇ ಬೆಳೆದು ೧೯೬೦ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಪ್ರಕಟವಾದುವು. ಜಾರಿದವನು ಕೊಡಲಿಯನ್ನು ಹಿಮಕ್ಕೆ ಒತ್ತಿ ತನ್ನನ್ನು ತಾನು ತಡೆಯುವುದು, ಮೇಲಿದ್ದವನು ಹಗ್ಗವನ್ನು ಬಂಡೆಗೋ ಕೊಡಲಿಗೋ ಸುತ್ತಿ ಕೆಳಗಿನವನ ಭಾರವನ್ನು ತಾಳುವುದು, ಇವನ್ನು ಅಪಾಯವಿಲ್ಲದ ಇಳಿಜಾರುಗಳಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಿದ್ದರು. ಎರಡನೆಯ ಮಹಾಯುದ್ಧದ ತರುವಾಯ ನಾರಿನ ಹಗ್ಗದ ಬದಲು ನೈಲಾನ್ ಹಗ್ಗವು ಬಂದಿತು. ಅದು ಹಿಗ್ಗಿ ಎಳೆತದ ಪೆಟ್ಟನ್ನು ಹೀರಿಕೊಳ್ಳುವುದು.

ಈ ಎರಡೂ ಕೂಡಿದುದರ ಫಲವು ೧೯೫೩ನೆಯ ಆಗಸ್ಟ್ ೧೦ರಂದು ಕಾರಕೋರಂ ಪರ್ವತಗಳಲ್ಲಿ ಪ್ರತ್ಯಕ್ಷವಾಯಿತು. ೮೬೧೧ ಮೀಟರು ಎತ್ತರದ ಕೆ-ಟೂ ಶಿಖರವನ್ನೇರಲು ಚಾರ್ಲ್ಸ್ ಹ್ಯೂಸ್ಟನನ ನಾಯಕತ್ವದಲ್ಲಿ ಹೋಗಿದ್ದ ತಂಡವು ಬಿರುಗಾಳಿಗೆ ಸಿಕ್ಕಿ ಮೇಲಣ ಬಿಡಾರದಲ್ಲಿ ದಿನಗಟ್ಟಲೆ ಬಂಧಿತವಾಗಿತ್ತು. ಅವರಲ್ಲಿ ಆರ್ಟ್ ಗಿಲ್ಕಿ ಎಂಬವನಿಗೆ ಕಾಲಿನಲ್ಲಿ ರಕ್ತವು ಹೆಪ್ಪುಗಟ್ಟಿ ನಡೆಯಲಾಗದಾಯಿತು. ಆ ಎತ್ತರದಿಂದ ನಡೆಯಲಾರದವನನ್ನು ಇಳಿಸುವುದು ಅಸಾಧ್ಯಪ್ರಾಯವೆಂದು ಎಲ್ಲರೂ ಬಲ್ಲರು. ಹ್ಯೂಸ್ಟನನು ಸ್ವತಃ ವೈದ್ಯ. ಆದರೂ ಬಿಟ್ಟುಹೋಗುವ ಮಾತನ್ನು ಯಾರೂ ಆಡದೆ, ಅವನನ್ನು ಚೀಲದಲ್ಲಿ ಸುತ್ತಿ ಹಗ್ಗದಿಂದ ಇಳಿಸತೊಡಗಿದರು. ಆಗ ಒಬ್ಬನು ಜಾರಿದನು. ಹಗ್ಗಗಳು ಒಂದಕ್ಕೊಂದು ತೊಡಕಿ ಐವರು ಉರುಳಿದರು. ಮೇಲೆ ಪೀಟ್ ಶೋನಿಂಗ್ ಎಂಬ ಸಿಯಾಟಲಿನ ಯುವಕನು ಬಂಡೆಯ ಹಿಂದೆ ಕೊಡಲಿಯನ್ನು ನೆಟ್ಟು, ಹಗ್ಗವನ್ನು ಅದಕ್ಕೂ ತನ್ನ ಮೈಗೂ ಸುತ್ತಿಕೊಂಡು ನಿಂತಿದ್ದನು. ಅವನೊಬ್ಬನೇ ಎಲ್ಲರ ಭಾರವನ್ನೂ ತಡೆದನು. ಹಗ್ಗವು ಹರಿಯಲಿಲ್ಲ. ಬಿದ್ದವರನ್ನು ಸಂತೈಸಿ ಹಿಂದಿರುಗುವಷ್ಟರಲ್ಲಿ, ಇಳಿಜಾರಿನಲ್ಲಿ ಕಟ್ಟಿ ನಿಲ್ಲಿಸಿದ್ದ ಗಿಲ್ಕಿಯು ಅಲ್ಲಿರಲಿಲ್ಲ. ಹಿಮದ ಕುಸಿತವು ಅವನನ್ನು ಒಯ್ದಿತ್ತೆಂದು ತಿಳಿದರು. ಉಳಿದವರೆಲ್ಲರೂ ಬದುಕಿ ಬಂದರು. ಅವರು ಶಿಖರವನ್ನು ಮುಟ್ಟಲಿಲ್ಲ. ಆದರೂ ಪರ್ವತಾರೋಹಣದ ಚರಿತ್ರೆಯಲ್ಲಿ ಗೆದ್ದ ಎಷ್ಟೋ ತಂಡಗಳಿಗಿಂತ ಸೋತ ಈ ತಂಡಕ್ಕೆ ಹೆಚ್ಚಿನ ಗೌರವವು ಸಂದಿದೆ.

ಇಲ್ಲಿಗೆ ಬಂದಮೇಲೆ ಮಹಾಪ್ರಸ್ಥಾನವನ್ನು ಮತ್ತೆ ಓದಿದೆನು. ಎರಡು ಸಂಗತಿಗಳು ಮೊದಲಿಗಿಂತ ಸ್ಪಷ್ಟವಾಗಿ ಕಂಡುವು. ಮೊದಲನೆಯದು, ‘ಮಹಾಪ್ರಸ್ಥಾನ’ವೆಂಬ ಹೆಸರೇ ಹಿಂದಿರುಗದ ಪಯಣವನ್ನು ಹೇಳುವುದು. ಪಾಂಡವರು ಶರೀರವನ್ನು ಬಿಡುವುದಕ್ಕಾಗಿಯೇ ಹೊರಟವರು. ಬಿದ್ದವರನ್ನು ಎತ್ತಿ ಎಲ್ಲಿಗೆ ಒಯ್ಯಬೇಕು? ಮರಳಿ ಮನೆಗೆ ಬರುವ ಸಂಕಲ್ಪದಿಂದ ಹೊ್ರಟ ಯಾತ್ರೆಗೆ ಆ ನ್ಯಾಯವು ಅನ್ವಯಿಸದು. ಮರಳುವ ಯಾತ್ರೆಯಲ್ಲಿ ಎಲ್ಲರೂ ಮರಳುವುದೇ ಪ್ರಯೋಜನ. ಶಿಖರವು ನಡುದಾರಿಯ ಒಂದು ನಿಲುಗಡೆ ಮಾತ್ರ. ಎರಡನೆಯದು, ಬಿದ್ದವರನ್ನು ಹಿಂದಿರುಗಿ ನೋಡದ ಆ ಧರ್ಮರಾಜನೇ, ಇಂದ್ರನು ರಥವನ್ನು ತಂದು ಕರೆದಾಗ, ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬಾರೆನೆಂದನು. ಅಷ್ಟೇ ಅಲ್ಲ, ಸೋದರರೂ ದ್ರೌಪದಿಯೂ ಇಲ್ಲದ ಲೋಕವು ತನಗೆ ಬೇಡವೆಂದನು. ವ್ಯಾಸರು ಪರ್ವವನ್ನು ಬಿದ್ದವರ ದೋಷಗಳ ಪಟ್ಟಿಯಿಂದ ಮುಗಿಸಲಿಲ್ಲ. ಜತೆಗಾರರನ್ನು ಬಿಡಲೊಲ್ಲದವನ ಮಾತಿನಿಂದ ಮುಗಿಸಿದರು. ಪಾಠ ಹೇಳುವವರು ಮೊದಲರ್ಧಕ್ಕೆ ನಿಂತುಬಿಟ್ಟರೆ ತಪ್ಪು ಪರ್ವದ್ದಲ್ಲ, ಪಾಠ ಹೇಳುವವರದು.

೬

ಈ ವಿಚಾರವು ಕೇವಲ ಪ್ರಾಚೀನವಲ್ಲ. ಲೋಕದ ಹಿಮನದಿಗಳು ಉಷ್ಣತೆ ಹೆಚ್ಚಿದಂತೆ ಕರಗಿ ಹಿಂಜರಿಯುತ್ತಿವೆ. ೨೦೨೫ನೆಯ ವರ್ಷವನ್ನು ಸಂಯುಕ್ತ ರಾಷ್ಟ್ರಸಂಘವು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿತು. ೨೦೨೨ನೆಯ ಜುಲೈ ೩ರಂದು ಇಟಲಿಯ ಮಾರ್ಮೊಲಾಡಾ ಪರ್ವತದಲ್ಲಿ ಹಿಮನದಿಯ ಒಂದು ಭಾಗವೇ ಕಳಚಿ ಬಿದ್ದು ಹನ್ನೊಂದು ಮಂದಿ ಮಡಿದರು. ಬೇಸಗೆಯಲ್ಲಿ ಏರುವುದು, ಬಿಸಿಲಿಗೆ ಮುಂಚೆ ಇಳಿಯುವುದು ಎಂಬ ಹಳೆಯ ನಿಯಮಗಳು ಇನ್ನು ಮುಂದೆ ಸಾಲವು.

ಅದೇ ವರ್ಷ ಅಕ್ಟೋಬರ್ ೪ರಂದು ನಮ್ಮ ಉತ್ತರಾಖಂಡದಲ್ಲಿ ಪರ್ವತಾರೋಹಣವನ್ನು ಕಲಿಯುತ್ತಿದ್ದ ತಂಡವೊಂದು ಹಿಮದ ಕುಸಿತಕ್ಕೆ ಸಿಕ್ಕಿತು. ಇಪ್ಪತ್ತೇಳು ಮಂದಿಯ ದೇಹಗಳು ದೊರೆತುವು; ಇಬ್ಬರು ಸಿಕ್ಕಲಿಲ್ಲ. ಮಡಿದವರಲ್ಲಿ ಕರ್ಣಾಟಕದವರೂ ಇದ್ದರು. ಸುಮಾರು ೫೬೭೦ ಮೀಟರು ಎತ್ತರದ ಆ ಶಿಖರದ ಹೆಸರು ‘ದ್ರೌಪದೀ ಕಾ ಡಾಂಡಾ’. ಮಹಾಪ್ರಸ್ಥಾನದಲ್ಲಿ ಮೊದಲು ಬಿದ್ದವಳ ಹೆಸರನ್ನು ಹೊತ್ತ ಬೆಟ್ಟದಲ್ಲಿ, ಇನ್ನೊಬ್ಬರನ್ನು ಹಿಡಿಯುವುದು ಹೇಗೆಂದು ಕಲಿಯಹೋದವರು ಬಿದ್ದರು. ದಿನಗಟ್ಟಲೆ ಅವರನ್ನು ಹಿಮದಡಿಯಲ್ಲಿ ಹುಡುಕಿದರು, ಬಿಟ್ಟುಬರಲಿಲ್ಲ.

ಇಷ್ಟನ್ನು ಬರೆದಮೇಲೆ ಆ ವಿದ್ಯಾರ್ಥಿಗೆ ಹೇಳಬೇಕಾದ ಉತ್ತರವು ನನಗೆ ತಿಳಿದಂತಾಗಿದೆ. ಬಗ್ಗಿ ಎತ್ತುವವರು ಇದ್ದಾರೆ, ಅಪ್ಪಾ. ಆ ಪರ್ವವನ್ನು ನಾನು ನಿನಗೆ ಕಡೆಯವರೆಗೆ ಓದಿಸಬೇಕಾಗಿತ್ತು.